ಕರಗಲೆಂದೇ ಇಟ್ಟ ತಂತಿ: ಟೆಲಿಗ್ರಾಫ್ ಕಂಬದಿಂದ ಪಿಸಿಬಿವರೆಗೆ ಫ್ಯೂಸಿನ ಚರಿತ್ರೆ

ವಿದ್ಯುತ್ ಫ್ಯೂಸು ಹುಟ್ಟಿದ್ದು ದೀಪಗಳ ಕಾಲಕ್ಕಿಂತ ಮೊದಲು, ಟೆಲಿಗ್ರಾಫಿನ ಕಾಲದಲ್ಲಿ. 1840ರ ದಶಕದಲ್ಲಿ ಯುರೋಪಿನ ರೈಲುದಾರಿಗಳ ಮಗ್ಗುಲಲ್ಲಿ ಕಂಬಗಳು ಎದ್ದು, ಮೈಲುಗಟ್ಟಲೆ ತಂತಿ ಬಯಲಿಗೆ ಬಂತು. ಬಯಲಲ್ಲಿ ಚಾಚಿಕೊಂಡ ತಂತಿಗೆ ಸಿಡಿಲು ಬಡಿದರೆ ಅದರ ಪೆಟ್ಟು ನಿಲ್ದಾಣದ ಒಳಗಿದ್ದ ಯಂತ್ರಕ್ಕೂ ಅದರ ಮುಂದೆ ಕೂತ ನೌಕರನಿಗೂ ತಗಲುತ್ತಿತ್ತು. ಪ್ಯಾರಿಸಿನ ಹೆಸರಾಂತ ಗಡಿಯಾರ ತಯಾರಕರ ಮನೆತನಕ್ಕೆ ಸೇರಿದ, ಟೆಲಿಗ್ರಾಫ್ ಉಪಕರಣಗಳನ್ನು ಮಾಡುತ್ತಿದ್ದ ಲೂಯಿ ಬ್ರೆಗೆ 1847ರಲ್ಲಿ ಇದಕ್ಕೊಂದು ಉಪಾಯ ಸೂಚಿಸಿದರು: ಹೊರಗಿನ ದಪ್ಪ ತಂತಿ ನಿಲ್ದಾಣವನ್ನು ಹೊಗುವ ಮುನ್ನ ಅದರ ಒಂದು ತುಂಡನ್ನು ತೀರ ಸಣ್ಣ ತಂತಿಯಿಂದ ಮಾಡಬೇಕು. ಸಿಡಿಲಿನ ಪ್ರವಾಹ ಬಂದರೆ ಆ ಸಣ್ಣ ತುಂಡು ಕರಗಿ ಹೋಗುತ್ತದೆ, ಒಳಗಿನ ಯಂತ್ರ ಉಳಿಯುತ್ತದೆ.

ಇದರ ಹಿಂದಿನ ಭೌತಶಾಸ್ತ್ರ ಆಗಿನ್ನೂ ಹೊಸದು. ವಾಹಕದಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೂ ವಾಹಕದ ರೋಧಕ್ಕೂ ಅನುಪಾತದಲ್ಲಿ ಇರುತ್ತದೆಂದು ಜೇಮ್ಸ್ ಜೂಲ್ 1841ರಲ್ಲಿ ಪ್ರಕಟಿಸಿದ್ದರು. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು, ಹತ್ತರಷ್ಟಾದರೆ ನೂರರಷ್ಟು. ತಂತಿ ಸಣ್ಣದಾದಷ್ಟೂ ರೋಧ ಹೆಚ್ಚು, ಕಾಯಬೇಕಾದ ಲೋಹ ಕಡಿಮೆ. ಹೀಗಾಗಿ ಒಂದೇ ದಾರಿಯಲ್ಲಿ ಸಾಲಾಗಿ ಜೋಡಿಸಿದ ವಾಹಕಗಳಲ್ಲಿ ಎಲ್ಲಕ್ಕಿಂತ ಸಣ್ಣದು ಮೊದಲು ಕರಗುತ್ತದೆ. ಮಂಡಲದ ಯಾವ ಭಾಗ ಮೊದಲು ಹಾಳಾಗಬೇಕು ಎಂಬುದನ್ನು ಆಕಸ್ಮಿಕಕ್ಕೆ ಬಿಡದೆ ಮೊದಲೇ ಗೊತ್ತುಮಾಡಬಹುದು ಎಂಬುದು ಬ್ರೆಗೆಯ ಸಲಹೆಯ ತಿರುಳು. ಮುಂದಿನ 175 ವರ್ಷಗಳಲ್ಲಿ ಬಂದ ರಕ್ಷಣಾ ಸಾಧನಗಳೆಲ್ಲ ಈ ಗೊತ್ತುಮಾಡುವಿಕೆಯ ರೂಪಗಳೇ. ಸಾಧನ ಸೋವಿಯಾದಾಗಲೆಲ್ಲ ಒಂದು ಪ್ರಶ್ನೆ ಮಾತ್ರ ಮರಳಿ ಮರಳಿ ಬಂದಿದೆ: ಕಾಪಾಡಲು ಇಟ್ಟ ವಸ್ತು ತಾನು ಹಾಳಾಗುವಾಗ ಅಕ್ಕಪಕ್ಕಕ್ಕೆ ಏನು ಮಾಡುತ್ತದೆ?

ದೀಪಗಳ ಕಾಲ ಬಂದಾಗ ಅಪಾಯದ ಸ್ವರೂಪ ಬದಲಾಯಿತು. ಥಾಮಸ್ ಎಡಿಸನ್ ರೂಪಿಸಿದ ವಿತರಣಾ ವ್ಯವಸ್ಥೆಯಲ್ಲಿ ದೀಪಗಳೆಲ್ಲ ಸಮಾಂತರವಾಗಿ ಜೋಡಣೆಯಾಗಿದ್ದವು. ಒಂದು ಮನೆಯಲ್ಲಿ ಎರಡು ತಂತಿ ಒಂದಕ್ಕೊಂದು ತಾಗಿದರೆ ಡೈನಮೊಗಳ ಶಕ್ತಿಯೆಲ್ಲ ಆ ಒಂದು ಬಿಂದುವಿನತ್ತ ನುಗ್ಗುತ್ತಿತ್ತು. ಗೋಡೆಯ ಮರದ ಪಟ್ಟಿಗಳೊಳಗೆ ಹತ್ತಿಯ ಹೊದಿಕೆಯ ತಂತಿ ಎಳೆಯುತ್ತಿದ್ದ ಕಾಲ ಅದು. ಬೆಂಕಿ ಹೊತ್ತಿಕೊಳ್ಳಲು ಮತ್ತೇನೂ ಬೇಕಿರಲಿಲ್ಲ. 1880ರ ಮೇ ತಿಂಗಳಲ್ಲಿ ಎಡಿಸನ್ ವಿದ್ಯುತ್ ದೀಪಗಳ ಸುರಕ್ಷಾ ವಾಹಕಕ್ಕೆ ಅಮೆರಿಕದ ಪೇಟೆಂಟ್ ಪಡೆದರು. 1882ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಕೇಂದ್ರ ಕೆಲಸ ಆರಂಭಿಸಿತು. ಬೇಗ ಕರಗುವ ಲೋಹದ ತುಂಡು ವಿತರಣಾ ಜಾಲದ ಅಂಗವಾಯಿತು.

ಫ್ಯೂಸಿನ ಪ್ರಸಾರಕ್ಕೆ ಇಂಜಿನಿಯರುಗಳಷ್ಟೇ ವಿಮಾ ಕಂಪನಿಗಳೂ ಕಾರಣ. ಬೆಂಕಿ ಬಿದ್ದ ಕಟ್ಟಡಗಳಿಗೆ ಹಣ ತೆರಬೇಕಾದವರು ಅವರೇ ಆದ್ದರಿಂದ ತಂತಿ ಎಳೆಯುವ ಕ್ರಮದ ಮೇಲೆ ಅವರು ಕಟ್ಟುನಿಟ್ಟು ಹೇರಿದರು. 1893ರ ಚಿಕಾಗೊ ವಿಶ್ವ ಪ್ರದರ್ಶನದ ವಿದ್ಯುತ್ ಜೋಡಣೆಗಳನ್ನು ಪರೀಕ್ಷಿಸಲು ವಿಮೆಯವರ ಪರವಾಗಿ ಬಂದ ವಿಲಿಯಂ ಹೆನ್ರಿ ಮೆರಿಲ್ ಮರುವರ್ಷ ಒಂದು ಪರೀಕ್ಷಾಲಯ ತೆರೆದರು. ಇಂದು ಚಾರ್ಜರುಗಳ ಬೆನ್ನ ಮೇಲೆ ಕಾಣುವ ಯುಎಲ್ ಮುದ್ರೆ ಆ ಪರೀಕ್ಷಾಲಯದಿಂದ ಬಂದದ್ದು.

ಎಷ್ಟು ದಪ್ಪದ ತಂತಿ ಎಷ್ಟು ಪ್ರವಾಹಕ್ಕೆ ಕರಗುತ್ತದೆ ಎಂಬುದಕ್ಕೆ ಲೆಕ್ಕ ಒದಗಿಸಿದವರು ಬ್ರಿಟಿಷ್ ಅಂಚೆ ಇಲಾಖೆಯ ಇಂಜಿನಿಯರ್ ವಿಲಿಯಂ ಪ್ರೀಸ್. 1880ರ ದಶಕದಲ್ಲಿ ಅವರು ಬೇರೆಬೇರೆ ಲೋಹಗಳ ತಂತಿಗಳನ್ನು ಕರಗಿಸಿ ನೋಡಿ, ಕರಗಿಸುವ ಪ್ರವಾಹ ವ್ಯಾಸದ ಒಂದೂವರೆ ಘಾತಕ್ಕೆ ಅನುಪಾತದಲ್ಲಿರುತ್ತದೆ ಎಂದು ಹೇಳಿದರು. ಅದಕ್ಕೆ ಕಾರಣ ಸರಳ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗವನ್ನು ವ್ಯಾಸದ ವರ್ಗದಿಂದ ಭಾಗಿಸಿದಷ್ಟು. ಹೊರಮೈಯಿಂದ ಗಾಳಿಗೆ ಹೋಗುವ ಶಾಖ ವ್ಯಾಸದಷ್ಟು. ಇವೆರಡೂ ಸಮವಾಗುವಲ್ಲಿ ಪ್ರವಾಹದ ವರ್ಗ ವ್ಯಾಸದ ಘನಕ್ಕೆ ಅನುಪಾತದಲ್ಲಿ ಬರುತ್ತದೆ. ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದರೆ ಪ್ರೀಸರ ಸ್ಥಿರಾಂಕ ತಾಮ್ರಕ್ಕೆ 80, ಕಬ್ಬಿಣಕ್ಕೆ 24.6, ತವರಕ್ಕೆ 12.8, ಸೀಸಕ್ಕೆ 10.8. ಅಂದರೆ ಅರ್ಧ ಮಿಲಿಮೀಟರ್ ದಪ್ಪದ ತವರದ ತಂತಿ ಸುಮಾರು 4.5 ಆಂಪಿಯರಿಗೆ ಕರಗಿದರೆ ಅಷ್ಟೇ ದಪ್ಪದ ತಾಮ್ರ 28 ಆಂಪಿಯರ್ ತಡೆಯುತ್ತದೆ. ಈ ಒಂದು ಸಾಲಿನ ಲೆಕ್ಕ ಇವತ್ತಿಗೂ ಕೈಪಿಡಿಗಳಲ್ಲಿ ಉಳಿದಿದೆ. ಅದು ತೆರೆದ ಗಾಳಿಯಲ್ಲಿ ಹಿಡಿದ ಉದ್ದ ತಂತಿಯ ಲೆಕ್ಕ. ಮುಚ್ಚಿದ ಕೊಳವೆಗೂ ಹಲಗೆಗೆ ಅಂಟಿದ ತಾಮ್ರಕ್ಕೂ ಹಾಗೇ ಹೊಂದುವುದಿಲ್ಲ ಎಂಬ ಮಾತನ್ನು ಮಾತ್ರ ಎಷ್ಟೋ ಕೈಪಿಡಿಗಳು ಹೇಳದೆ ಬಿಡುತ್ತವೆ.

ತಂತಿ ಕರಗುವುದು ಅರ್ಧ ಕೆಲಸ. ಕರಗಿದ ಮೇಲೆ ಎರಡು ತುದಿಗಳ ನಡುವೆ ಕಿಡಿಯ ಕಮಾನು ಹುಟ್ಟುತ್ತದೆ. ಲೋಹದ ಆವಿಯ ಮೂಲಕ ಪ್ರವಾಹ ಹರಿಯುತ್ತಲೇ ಇರುತ್ತದೆ. ಬಿಸಿ ಲೋಹದ ಹನಿಗಳು ಕೆಳಗೆ ಬೀಳುತ್ತವೆ. 1890ರಲ್ಲಿ ಇಂಗ್ಲೆಂಡಿನ ಡಬ್ಲ್ಯು. ಎಂ. ಮಾರ್ಡೆ ತಾಮ್ರದ ತೆಳು ಎಳೆಯನ್ನು ಗಾಜಿನ ಕೊಳವೆಯಲ್ಲಿ ಇಟ್ಟು, ಸುತ್ತ ಸುಣ್ಣದಕಲ್ಲು, ಅಮೃತಶಿಲೆ ಅಥವಾ ಮರಳಿನಂಥ ಪುಡಿ ತುಂಬುವ ಪೇಟೆಂಟ್ ಪಡೆದರು. ಪುಡಿ ಕಮಾನಿನ ಶಾಖವನ್ನು ಹೀರಿ ಅದನ್ನು ನಂದಿಸುತ್ತದೆ. ಫ್ಯೂಸಿಗೆ ಎರಡು ಅಳತೆಗಳಿವೆ ಎಂಬುದು ಆಗ ಸ್ಪಷ್ಟವಾಯಿತು: ಎಷ್ಟಕ್ಕೆ ಕರಗುತ್ತದೆ ಎಂಬುದೊಂದು, ಎಷ್ಟನ್ನು ಅಪಾಯವಿಲ್ಲದೆ ಕಡಿಯಬಲ್ಲದು ಎಂಬುದು ಇನ್ನೊಂದು. ಈ ಎರಡನೆಯದು ಇಂದಿಗೂ ಅಗ್ಗದ ವಿನ್ಯಾಸಗಳಲ್ಲಿ ಮರೆತುಹೋಗುವ ಅಳತೆ. ಈಗಿನ 20 ಮಿಲಿಮೀಟರ್ ಉದ್ದದ ಮಾಮೂಲಿ ಗಾಜಿನ ಫ್ಯೂಸು 35 ಆಂಪಿಯರ್ ಅಥವಾ ತನ್ನ ಅಂಕಿಯ ಹತ್ತರಷ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ಮಾತ್ರ ಕಡಿಯಬೇಕೆಂದು ಮಾನಕ ಕೇಳುತ್ತದೆ. ಅದೇ ಗಾತ್ರದ, ಮರಳು ತುಂಬಿದ ಸೆರಾಮಿಕ್ ಫ್ಯೂಸು 1500 ಆಂಪಿಯರನ್ನು ಕಡಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಹಿಡಿಕೆಗೆ ಹೊಂದುತ್ತವೆ.

ಮೈಸೂರು ಸಂಸ್ಥಾನಕ್ಕೆ ಈ ವಿದ್ಯೆ ಬೇಗನೆ ಬಂತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೊಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿಗೆ ಬಂತು. ಮನೆಮನೆಗೆ ದೀಪ ಬಂದಂತೆ ಗೋಡೆಯ ಮೇಲೆ ಬಿಳಿ ಪಿಂಗಾಣಿಯ ಫ್ಯೂಸೂ ಬಂದು ಕೂತಿತು. ಹಿಡಿಯನ್ನು ಎಳೆದು ತೆಗೆದು, ಎರಡು ತಿರುಪುಗಳ ನಡುವೆ ತವರ ಲೇಪಿಸಿದ ತಾಮ್ರದ ಎಳೆ ಸುತ್ತಿ, ಮತ್ತೆ ಒತ್ತಿ ಕೂರಿಸುವ ಈ ಸಾಧನವನ್ನು ಭಾರತದುದ್ದಕ್ಕೂ ಕಿಟ್‌ಕ್ಯಾಟ್ ಎಂದೇ ಕರೆಯುತ್ತಾರೆ. ಭಾರತೀಯ ಮಾನಕ ಐಎಸ್ 2086 ಇದಕ್ಕೆಂದೇ ಇದೆ. ಕನ್ನಡದಲ್ಲಿ ಫ್ಯೂಸನ್ನು ‘ಹಾಕುವುದು’ ಎನ್ನುವಷ್ಟೇ ಸಹಜವಾಗಿ ‘ಕಟ್ಟುವುದು’ ಎನ್ನುವ ರೂಢಿ ಬಂದದ್ದು ಇದರಿಂದ. ಒಳಗಿನ ಎಳೆ ಕಡಿದ ಬಲ್ಬನ್ನು ಕೂಡ ಜನ ‘ಫ್ಯೂಸ್ ಹೋಗಿದೆ’ ಎಂದರು.

ಕಿಟ್‌ಕ್ಯಾಟಿನ ಗುಣವೂ ದೋಷವೂ ಒಂದೇ: ಯಾವ ತಂತಿ ಬೇಕಾದರೂ ಅದರೊಳಗೆ ಹಿಡಿಸುತ್ತದೆ. ಫ್ಯೂಸ್ ಪದೇಪದೇ ಹೋದರೆ ಎರಡೆಳೆ, ಮೂರೆಳೆ, ಕೊನೆಗೆ ಕೈಗೆ ಸಿಕ್ಕ ವೈರಿನ ತುಂಡು. ಆಗ ಮಂಡಲದ ಅತಿ ದುರ್ಬಲ ಭಾಗ ಗೋಡೆಯೊಳಗಿನ ತಂತಿಯೋ ಪಂಪಿನ ಮೋಟರಿನ ಸುರುಳಿಯೋ ಆಗುತ್ತದೆ. ಇದನ್ನು ತಪ್ಪಿಸಲು ಬ್ರಿಟನ್ 1947ರಲ್ಲಿ ಪ್ರತಿ ಪ್ಲಗ್ಗಿನೊಳಗೂ ಒಂದು ಪುಟ್ಟ ಕಾರ್ಟ್ರಿಜ್ ಫ್ಯೂಸ್ ಇಡುವ ಮಾನಕವನ್ನು ತಂದಿತು. ಭಾರತ ಹಳೆಯ ದುಂಡು ಪಿನ್ನಿನ ಪ್ಲಗ್ಗನ್ನೇ ಉಳಿಸಿಕೊಂಡಿತು. ಅದರಲ್ಲಿ ಫ್ಯೂಸಿಗೆ ಜಾಗವಿಲ್ಲ. ಪರಿಣಾಮವಾಗಿ ಇಲ್ಲಿ ರೇಡಿಯೊದಿಂದ ಹಿಡಿದು ಚಾರ್ಜರಿನವರೆಗೆ ಪ್ರತಿ ಉಪಕರಣವೂ ತನ್ನ ರಕ್ಷಣೆಯನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಳ್ಳಬೇಕಾಯಿತು.

ಉಪಕರಣದ ಒಳಗೆ ಇಡುವ ಸಣ್ಣ ಫ್ಯೂಸಿನ ಉದ್ಯಮ ಬೆಳೆದದ್ದು ರೇಡಿಯೊ ಮತ್ತು ಕಾರುಗಳ ಜೊತೆ. 1927ರಲ್ಲಿ ಎಡ್ವರ್ಡ್ ಸುಂಟ್ ಚಿಕಾಗೊದಲ್ಲಿ ಆರಂಭಿಸಿದ ಲಿಟಲ್‌ಫ್ಯೂಸ್ ಸಂಸ್ಥೆಯ ಮೊದಲ ಸರಕು, ನಾಜೂಕಾದ ಮೀಟರುಗಳು ಸುಡದಂತೆ ಕಾಯುವ ಪುಟ್ಟ, ಶೀಘ್ರ ಫ್ಯೂಸು. ಕಾಲು ಇಂಚು ವ್ಯಾಸ, ಒಂದೂಕಾಲು ಇಂಚು ಉದ್ದದ ಗಾಜಿನ ಕೊಳವೆ ಅಮೆರಿಕದ ರೂಢಿಯಾಯಿತು. ಯುರೋಪು 5 ಮಿಲಿಮೀಟರ್ ವ್ಯಾಸ, 20 ಮಿಲಿಮೀಟರ್ ಉದ್ದಕ್ಕೆ ನೆಲೆ ನಿಂತಿತು. ಗಾತ್ರದ ಭೇದಕ್ಕಿಂತ ಮುಖ್ಯವಾದದ್ದು ಅರ್ಥದ ಭೇದ. ಅಮೆರಿಕದ ಮಾನಕದಲ್ಲಿ 1 ಆಂಪಿಯರ್ ಎಂದು ಬರೆದ ಫ್ಯೂಸು 1.35 ಆಂಪಿಯರಿಗೆ ಒಂದು ಗಂಟೆಯೊಳಗೆ ಕಡಿಯಬೇಕು. ಅಂತರರಾಷ್ಟ್ರೀಯ ಮಾನಕದ 1 ಆಂಪಿಯರ್ ಶೀಘ್ರ ಫ್ಯೂಸು 1.5 ಆಂಪಿಯರನ್ನು ಒಂದು ಗಂಟೆಯಾದರೂ ತಡೆದುಕೊಳ್ಳಬೇಕು, 2.1 ಆಂಪಿಯರಿಗೆ ಅರ್ಧ ಗಂಟೆಯೊಳಗೆ ಕಡಿದರೆ ಸಾಕು. ಒಂದೇ ಅಂಕಿ ಎರಡು ಮಾನಕಗಳಲ್ಲಿ ಎರಡು ಮಾತು ಹೇಳುತ್ತದೆ. ಫ್ಯೂಸಿನ ಮೇಲಿನ ಅಂಕಿಯನ್ನು ಅದು ಕಡಿಯುವ ಅಂಕಿ ಎಂದು ಓದುವ ತಪ್ಪು ಕಲಿಯುವವರಲ್ಲಿ ಇಂದಿಗೂ ಸಾಮಾನ್ಯ. ಅದು ಫ್ಯೂಸು ಹೊರಬಲ್ಲ ಅಂಕಿ.

ಮೋಟರು, ಟ್ರಾನ್ಸ್‌ಫಾರ್ಮರುಗಳು ಆರಂಭದ ಒಂದು ಕ್ಷಣ ಹಲವು ಪಟ್ಟು ಪ್ರವಾಹ ಎಳೆಯುತ್ತವೆ. ಆ ಕ್ಷಣವನ್ನು ಸಹಿಸಿ, ನಿಧಾನದ ಅತಿಪ್ರವಾಹಕ್ಕೆ ಮಾತ್ರ ಕಡಿಯುವ ಫ್ಯೂಸಿಗೆ ದಾರಿ ತೋರಿದ್ದು ಬ್ರಿಟನ್ನಿನ ಎ. ಡಬ್ಲ್ಯು. ಮೆಟ್‌ಕಾಫ್ 1939ರಲ್ಲಿ ವಿವರಿಸಿದ ಪರಿಣಾಮ. ತಾಮ್ರದ ತಂತಿಯ ನಡುವೆ ತವರದ ಒಂದು ಹನಿ ಕೂರಿಸಿದರೆ, ತವರ ಕರಗಿ ತಾಮ್ರದೊಳಗೆ ಬೆರೆತು, ತಾಮ್ರ ತಾನಾಗಿ ಕರಗಬೇಕಾದ 1083 ಡಿಗ್ರಿ ಸೆಲ್ಸಿಯಸ್‌ಗಿಂತ ಎಷ್ಟೋ ಕೆಳಗೇ ತಂತಿಯನ್ನು ತಿಂದುಹಾಕುತ್ತದೆ. ಕ್ಷಣಿಕ ಪ್ರವಾಹಕ್ಕೆ ಹನಿ ಕಾಯುವುದೇ ಇಲ್ಲ. ಒಂದು ಹನಿ ಬೆಸುಗೆಯ ಬೆಲೆಯಲ್ಲಿ ಸಿಕ್ಕ ಈ ವಿವೇಚನೆ ಫ್ಯೂಸಿನ ಇತಿಹಾಸದ ಅತ್ಯಂತ ಸುಂದರ ಉಪಾಯಗಳಲ್ಲಿ ಒಂದು.

ಮುದ್ರಿತ ಮಂಡಲದ ಹಲಗೆ, ಅಂದರೆ ಪಿಸಿಬಿ, ಬಂದಾಗ ತಂತಿಯೇ ಮಾಯವಾಯಿತು. ಆಸ್ಟ್ರಿಯಾದಿಂದ ಲಂಡನ್ನಿಗೆ ಬಂದಿದ್ದ ಪಾಲ್ ಐಸ್ಲರ್ 1930ರ ದಶಕದ ಕೊನೆಯಲ್ಲಿ ತಾಮ್ರದ ಹಾಳೆಯನ್ನು ಕೊರೆದು ಮಾಡಿದ ಮಂಡಲದಿಂದ ರೇಡಿಯೊ ಕಟ್ಟಿ ತೋರಿಸಿದರು, 1943ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಮುದ್ರಿತ ಮಂಡಲಗಳಿಗೆ ಮೊದಲ ದೊಡ್ಡ ಬಳಕೆ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ಸಿಡಿಗುಂಡುಗಳಲ್ಲಿ, ಗುರಿ ಹತ್ತಿರವಾದೊಡನೆ ಸಿಡಿಯುವ ರೇಡಿಯೊ ಫ್ಯೂಸಿನಲ್ಲಿ. ಆ ಫ್ಯೂಸು ಬೇರೆ: ಅದರ ಹೆಸರು ಕದಿರು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು, ಕರಗುವ ಫ್ಯೂಸಿನದು ಕರಗು ಎಂಬ ಅರ್ಥದ ಪದದಿಂದ. ಕನ್ನಡದ ಬಾಯಲ್ಲಿ ಎರಡೂ ಒಂದೇ ಆಗಿವೆ. ಯುದ್ಧ ಮುಗಿದ ಮೇಲೆ ಈ ವಿದ್ಯೆ ಮಾರುಕಟ್ಟೆಗೆ ಬಂದು, 1950ರ ದಶಕದಲ್ಲಿ ಟ್ರಾನ್ಸಿಸ್ಟರ್ ರೇಡಿಯೊಗಳ ಬೆನ್ನೆಲುಬಾಯಿತು.

ಹಲಗೆಗೆ ಅಂಟಿದ ತಾಮ್ರದ ಗೆರೆ ಎಷ್ಟು ಪ್ರವಾಹ ಹೊರಬಲ್ಲದು? ಅಮೆರಿಕದ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್ 1956ರಲ್ಲಿ ಅಳೆದು ನಕ್ಷೆಗಳನ್ನು ಬರೆಯಿತು. ಹಲಗೆಯ ಹೊರಮೈಯ ಗೆರೆಗಳನ್ನು ಅದು ಅಳೆದಿತ್ತು. ಒಳಪದರದ ಗೆರೆಗಳಿಗೆ ಪ್ರತ್ಯೇಕ ಅಳತೆ ಇಲ್ಲದೆ, ಹೊರಗಿನದರ ಅರ್ಧ ಎಂಬ ಊಹೆ ಮಾನಕಗಳೊಳಗೆ ಸೇರಿಕೊಂಡಿತು. ಆ ಅರ್ಧದ ನಿಯಮ ಅರ್ಧ ಶತಮಾನ ಬಾಳಿತು. 2009ರಲ್ಲಿ ಪ್ರಕಟವಾದ ಐಪಿಸಿ 2152 ಮಾನಕಕ್ಕಾಗಿ ಹೊಸದಾಗಿ ಅಳೆದಾಗ ಒಳಪದರದ ಗೆರೆಗಳು ಊಹಿಸಿದಷ್ಟು ಬಿಸಿಯಾಗುವುದಿಲ್ಲ ಎಂದು ತಿಳಿಯಿತು: ಗಾಳಿಗಿಂತ ಹಲಗೆಯ ಗಾಜುನಾರು ಮತ್ತು ಎಪಾಕ್ಸಿ ಶಾಖವನ್ನು ಚೆನ್ನಾಗಿ ಒಯ್ಯುತ್ತವೆ. ಜಗತ್ತಿನ ಬೋರ್ಡುಗಳೆಲ್ಲ ಯಾರೂ ಅಳೆಯದ ಒಂದು ಅಂಕಿಯನ್ನು ನಂಬಿ ಐವತ್ತು ವರ್ಷ ತಯಾರಾದವು. ತಪ್ಪು ಸುರಕ್ಷತೆಯ ಕಡೆಗೇ ಇದ್ದದ್ದರಿಂದ ಹಾನಿಯಾಗಲಿಲ್ಲ.

ತಾಮ್ರದ ಗೆರೆಯೂ ಒಂದು ತಂತಿಯೇ ಆದ್ದರಿಂದ, ಅದನ್ನೇ ಒಂದೆಡೆ ಕಿರಿದಾಗಿಸಿ ಫ್ಯೂಸ್ ಮಾಡಿದರೆ ಖರ್ಚು ಸೊನ್ನೆ ಎಂಬ ಯೋಚನೆ ಬೋರ್ಡಿನಷ್ಟೇ ಹಳೆಯದು. ಅಗ್ಗದ ಉಪಕರಣಗಳಲ್ಲಿ ಸೊಂಟ ಬಿಗಿದಂತೆ ಕಾಣುವ ಇಂಥ ಗೆರೆಗಳು ಇಂದಿಗೂ ಸಿಗುತ್ತವೆ. ಲೆಕ್ಕ ಹಾಕಿ ನೋಡಿದರೆ ತೊಡಕು ತಿಳಿಯುತ್ತದೆ. ಸಾಮಾನ್ಯ ಬೋರ್ಡಿನ ತಾಮ್ರ 35 ಮೈಕ್ರಾನ್ ದಪ್ಪ. 0.25 ಮಿಲಿಮೀಟರ್ ಅಗಲದ ಗೆರೆ ಹೊರಮೈಯಲ್ಲಿ ಸುಮಾರು 0.9 ಆಂಪಿಯರಿಗೆ 10 ಡಿಗ್ರಿ ಬಿಸಿಯೇರುತ್ತದೆ ಎಂದು ಹಳೆಯ ನಕ್ಷೆಗಳಿಂದ ಬಂದ ಸೂತ್ರ ಹೇಳುತ್ತದೆ. ಅಷ್ಟೇ ತಾಮ್ರವನ್ನು ದುಂಡು ತಂತಿಯಾಗಿ ಗಾಳಿಯಲ್ಲಿ ಹಿಡಿದರೆ ಪ್ರೀಸರ ಲೆಕ್ಕದಂತೆ 3 ಆಂಪಿಯರಿಗೂ ಮೊದಲೇ ಕರಗಬೇಕು. ಆದರೆ ಗೆರೆಯ ಕೆಳಗೆ ಹಲಗೆಯಿದೆ, ಅದು ಶಾಖವನ್ನು ಎಳೆದುಕೊಳ್ಳುತ್ತದೆ. 1928ರಲ್ಲಿ ಅಚ್ಚಾದ ಆಂಡರ್‌ಡಾಂಕ್ ಸೂತ್ರ, ಶಾಖ ಎಲ್ಲಿಗೂ ಹೋಗದಷ್ಟು ಕಡಿಮೆ ಹೊತ್ತಿನ ಲೆಕ್ಕ ಕೊಡುತ್ತದೆ: ಅದೇ ಗೆರೆ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಡಿಯಬೇಕಾದರೆ ಸುಮಾರು 25 ಆಂಪಿಯರ್ ಬೇಕು. ನೇರ ಶಾರ್ಟ್ ಆಗಿ ಬ್ಯಾಟರಿ ಅಷ್ಟನ್ನು ಕೊಟ್ಟರೆ ಗೆರೆ ಚಿಟಿಲ್ಲೆಂದು ಕಡಿಯುತ್ತದೆ. ಕೆಟ್ಟ ಕೆಪಾಸಿಟರೊಂದು ಎರಡು ಮೂರು ಆಂಪಿಯರ್ ಎಳೆಯುತ್ತ ಕೂತರೆ ಗೆರೆ ಕಡಿಯದೆ ಕಾಯುತ್ತಲೇ ಇರುತ್ತದೆ. ಮಾಮೂಲಿ ಎಫ್‌ಆರ್-4 ಹಲಗೆಯ ರಾಳ 130ರಿಂದ 140 ಡಿಗ್ರಿಗೇ ಮೆತ್ತಗಾಗತೊಡಗುತ್ತದೆ, ತಾಮ್ರ ಕರಗಲು 1083 ಬೇಕು. ನಡುವಿನ ಅಷ್ಟೂ ದೂರ ಹಲಗೆ ಸುಡುತ್ತಿರುತ್ತದೆ. ಸುಟ್ಟು ಇದ್ದಿಲಾದ ಎಪಾಕ್ಸಿ ತಾನೇ ವಿದ್ಯುತ್ ಹರಿಸಬಲ್ಲದು. ಆಗ ಫ್ಯೂಸ್ ಕಡಿದ ಮೇಲೂ ಮಂಡಲ ಕಡಿಯುವುದಿಲ್ಲ.

ಇದರ ಜೊತೆಗೆ ಕೊರೆತದ ವ್ಯತ್ಯಾಸವಿದೆ. ತಯಾರಿಕೆಯಲ್ಲಿ ಗೆರೆಯ ಅಗಲ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅಗಲದ ಗೆರೆಗೆ ಅದು ಲೆಕ್ಕಕ್ಕಿಲ್ಲ. ಬೇಕೆಂದೇ ಕಿರಿದಾಗಿಸಿದ ಗೆರೆಗೆ ಅದೇ ಸರ್ವಸ್ವ. ಮೇಲಾಗಿ ಹೋದ ಫ್ಯೂಸನ್ನು ಬದಲಿಸುವಂತಿಲ್ಲ, ಬೋರ್ಡನ್ನೇ ಬಿಸಾಡಬೇಕು. ಮನೆಯ 230 ವೋಲ್ಟ್ ನೇರವಾಗಿ ಬರುವ ಕಡೆ ಗೆರೆಯ ಫ್ಯೂಸು ಉಳಿತಾಯವೇ ಅಲ್ಲ, ಅಪಾಯ. ಕಡಿಮೆ ವೋಲ್ಟಿನಲ್ಲಿ, ಶಾರ್ಟ್ ಆದರೆ ಹತ್ತಾರು ಆಂಪಿಯರ್ ಕೊಡಬಲ್ಲ ಮೂಲದ ಎದುರು, ಸುತ್ತ ಬೇರೆ ಗೆರೆಗಳಿಲ್ಲದ ಜಾಗದಲ್ಲಿ ಕೊನೆಯ ತಡೆಯಾಗಿ ಮಾತ್ರ ಅದಕ್ಕೊಂದು ಸ್ಥಾನವಿದೆ.

ಟ್ರಾನ್ಸಿಸ್ಟರು ಇನ್ನೊಂದು ತೊಡಕು ತಂದಿತು. ಫ್ಯೂಸ್ ಕರಗಲು ಮಿಲಿಸೆಕೆಂಡುಗಳು ಬೇಕು. ಸಿಲಿಕಾನಿನ ಸಣ್ಣ ಸಂಧಿ ಅದಕ್ಕೂ ಮೊದಲೇ ಸುಟ್ಟುಹೋಗಬಲ್ಲದು. ವಾಲ್ವುಗಳು ಸ್ವಲ್ಪ ಹೊತ್ತು ಅತಿಪ್ರವಾಹ ತಾಳುತ್ತಿದ್ದವು, ಟ್ರಾನ್ಸಿಸ್ಟರು ತಾಳುವುದಿಲ್ಲ. ಹಾಗಾಗಿ ಕಡಿಯುವ ರಕ್ಷಣೆಯ ಜೊತೆಗೆ ಮಿತಿ ಹಾಕುವ ರಕ್ಷಣೆ ಬೇಕಾಯಿತು. 1965ರಲ್ಲಿ ಬಾಬ್ ವಿಡ್ಲರ್ ಫೇರ್‌ಚೈಲ್ಡ್‌ನಲ್ಲಿ ರೂಪಿಸಿದ 709 ಎಂಬ ಆಪ್-ಆಂಪ್ ವರ್ಧಕ ಚಿಪ್ಪಿಗೆ ಹೊರತುದಿಯ ಶಾರ್ಟ್ ತಾಳುವ ಏರ್ಪಾಡು ಇರಲಿಲ್ಲ. 1967ರ ಎಲ್‌ಎಂ101ರಲ್ಲಿಯೂ ಮರುವರ್ಷ ಡೇವ್ ಫುಲ್ಲಾಗರ್ ರೂಪಿಸಿದ 741ರಲ್ಲಿಯೂ ಅದು ಒಳಗೇ ಬಂತು. 741ರ ಹೊರತುದಿಯಲ್ಲಿ ಸುಮಾರು 25 ಓಮ್‌ನ ಒಂದು ರೋಧವಿದೆ. ಅದರಲ್ಲಿ 25 ಮಿಲಿಆಂಪಿಯರ್ ಹರಿದಾಗ 0.6 ವೋಲ್ಟಿನಷ್ಟು ಇಳಿತವಾಗುತ್ತದೆ. ಟ್ರಾನ್ಸಿಸ್ಟರೊಂದು ಎಚ್ಚೆತ್ತುಕೊಳ್ಳಲು ಬೇಕಾದ ವೋಲ್ಟ್ ಸರಿಯಾಗಿ ಅಷ್ಟೇ. ಎಚ್ಚೆತ್ತ ಆ ಟ್ರಾನ್ಸಿಸ್ಟರು ಮುಖ್ಯ ಟ್ರಾನ್ಸಿಸ್ಟರಿಗೆ ಹೋಗುವ ಪ್ರಚೋದನೆಯನ್ನು ತಾನು ಕಸಿದುಕೊಂಡು ಪ್ರವಾಹ ಅಲ್ಲಿಗೇ ನಿಲ್ಲುವಂತೆ ಮಾಡುತ್ತದೆ. ಒಂದು ರೋಧ, ಒಂದು ಟ್ರಾನ್ಸಿಸ್ಟರು: ಬೋರ್ಡಿನ ಮೇಲೆ ಕೈಯಾರೆ ಕಟ್ಟಬಹುದಾದ ಅತಿ ಅಗ್ಗದ, ಅತಿ ಚುರುಕಾದ ರಕ್ಷಣೆ ಇಂದಿಗೂ ಇದೇ.

ಇದರ ಬೆಲೆಯನ್ನು ಶಾಖದಲ್ಲಿ ತೆರಬೇಕು. 12 ವೋಲ್ಟಿನ ಮೂಲ ಶಾರ್ಟ್ ಆಗಿ ಪ್ರವಾಹ 1 ಆಂಪಿಯರಿಗೆ ನಿಂತರೆ, ತಡೆದು ನಿಲ್ಲಿಸಿದ ಟ್ರಾನ್ಸಿಸ್ಟರು 12 ವ್ಯಾಟ್ ಶಾಖವನ್ನು ತಾನೇ ನುಂಗಬೇಕು. ವೋಲ್ಟು ಇಳಿದಂತೆ ಮಿತಿಯನ್ನೂ ಇಳಿಸುವ ಮಡಚು ಮಿತಿಯ ಮಂಡಲಗಳು ಇದಕ್ಕೆ ಒಂದು ಉತ್ತರ. ಇನ್ನೊಂದು ಉತ್ತರವನ್ನು ವಿಡ್ಲರ್ ಅವರೇ 1970ರ ಸುಮಾರಿಗೆ ಎಲ್‌ಎಂ109 ವೋಲ್ಟೇಜ್ ರೆಗ್ಯುಲೇಟರಿನಲ್ಲಿ ಕೊಟ್ಟರು: ಚಿಪ್ಪು ತನ್ನ ಬಿಸಿಯನ್ನು ತಾನೇ ಅಳೆದು, ಮಿತಿ ಮೀರಿದರೆ ಆರಿಸಿಕೊಳ್ಳುತ್ತದೆ. ಆ ಮೂರು ಕಾಲಿನ ರೆಗ್ಯುಲೇಟರುಗಳ ವಂಶಕ್ಕೆ ಸೇರಿದ 7805 ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ವಿದ್ಯಾರ್ಥಿಗಳು ಇಂದಿಗೂ ಕೊಳ್ಳುವ ಸರಕು.

ಕಡಿದ ಮೇಲೆ ತಾನಾಗಿ ಕೂಡಿಕೊಳ್ಳುವ ಫ್ಯೂಸಿನ ಕಥೆ ಬೆಲ್ ಪ್ರಯೋಗಾಲಯದಲ್ಲಿ ಮೊದಲಾಯಿತು. ಮುಂದೆ ಸಿಲಿಕಾನ್ ಸೌರಕೋಶದ ನಿರ್ಮಾತೃಗಳಲ್ಲಿ ಒಬ್ಬರಾದ ಜೆರಾಲ್ಡ್ ಪಿಯರ್ಸನ್, ಬಿಸಿಯಾದಾಗ ರೋಧ ತೀವ್ರವಾಗಿ ಏರುವ ವಾಹಕ ಮಿಶ್ರಣಕ್ಕೆ 1939ರಲ್ಲಿ ಅರ್ಜಿ ಹಾಕಿ 1941ರಲ್ಲಿ ಪೇಟೆಂಟ್ ಪಡೆದರು. ಅದು ಸರಕಾಗಿ ಬರಲು ನಲವತ್ತು ವರ್ಷ ಹಿಡಿಯಿತು. ಕಾರಣ ವಿದ್ಯುತ್ತಿನದಲ್ಲ, ಪ್ಲಾಸ್ಟಿಕ್ಕಿನದು. ಪಾಲಿಎಥಿಲೀನ್‌ಗೆ ಇಂಗಾಲದ ಕಪ್ಪು ಪುಡಿ ಬೆರೆಸಿದರೆ ಇಂಗಾಲದ ಕಣಗಳು ಒಂದಕ್ಕೊಂದು ತಾಗಿ ಸರಪಳಿಗಳಾಗಿ ವಿದ್ಯುತ್ ಹರಿಸುತ್ತವೆ. ಸುಮಾರು 125 ಡಿಗ್ರಿಯಲ್ಲಿ ಪ್ಲಾಸ್ಟಿಕ್ಕಿನ ಹರಳುಗಳು ಕರಗಿ ಹಿಗ್ಗಿದಾಗ ಸರಪಳಿಗಳು ಕಡಿದು ರೋಧ ಸಾವಿರಾರು ಪಟ್ಟು ಏರುತ್ತದೆ. ತಣಿದರೆ ಮತ್ತೆ ಕೂಡಿಕೊಳ್ಳುತ್ತವೆ. ಕರಗಿದ ಪ್ಲಾಸ್ಟಿಕ್ ತನ್ನ ಆಕಾರ ಬಿಡದೆ ನಿಂತರೆ ಮಾತ್ರ ಇದು ಸಾಧ್ಯ. 1957ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಪಾಲ್ ಕುಕ್ ಸ್ಥಾಪಿಸಿದ ರೇಕೆಮ್ ಕಂಪನಿಯ ಕಸುಬೇ ಅದಾಗಿತ್ತು: ವಿಕಿರಣ ಹಾಯಿಸಿ ಪ್ಲಾಸ್ಟಿಕ್ಕಿನ ಅಣುಸರಗಳನ್ನು ಒಂದಕ್ಕೊಂದು ಹೆಣೆಯುವುದು. ಬಿಸಿ ಮಾಡಿದರೆ ಕುಗ್ಗಿ ತಂತಿಗೆ ಬಿಗಿಯುವ ತೋಳುಗಳನ್ನು ಅದು ಮಾರುತ್ತಿತ್ತು. ಅದೇ ವಿದ್ಯೆಯಿಂದ 1970ರ ದಶಕದಲ್ಲಿ ತನ್ನ ಬಿಸಿಯನ್ನು ತಾನೇ ನಿಯಂತ್ರಿಸುವ ಕೇಬಲ್ಲೂ 1980ರ ಸುಮಾರಿಗೆ ಪಾಲಿಸ್ವಿಚ್ಚೂ ಬಂದವು. ರಿಪೇರಿಯವರ ಮಾತಿನಲ್ಲಿ ಅದು ಪಾಲಿಫ್ಯೂಸ್, ಇಂಜಿನಿಯರುಗಳ ಮಾತಿನಲ್ಲಿ ಪಾಲಿಮರ್ ಪಿಟಿಸಿ.

ಅದರ ಮೊದಲ ನೆಲೆಗಳಲ್ಲಿ ಟೆಲಿಫೋನ್ ಒಂದು. ಟೆಲಿಫೋನ್ ತಂತಿಗೆ ಕರೆಂಟಿನ ತಂತಿ ತಾಗಿದರೆ ಸಣ್ಣದಾಗಿ ನುಸುಳುವ ಪ್ರವಾಹವನ್ನು ತಡೆಯಲು ಹಳೆಯ ಎಕ್ಸ್‌ಚೇಂಜುಗಳು ಹೀಟ್ ಕಾಯಿಲ್ ಎಂಬ ಬೆಸುಗೆ ಕರಗುವ ಸುರುಳಿಯನ್ನು ಬಳಸುತ್ತಿದ್ದವು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಟಿಐ ತಯಾರಿಸಿದ ಸ್ಟ್ರೌಜರ್ ಎಕ್ಸ್‌ಚೇಂಜುಗಳ ಕಾಲದ ರೂಢಿ ಅದು. ಕರಗಿದ ಪ್ರತಿ ಸುರುಳಿಯನ್ನು ಒಬ್ಬ ನೌಕರ ಹುಡುಕಿ ಬದಲಿಸಬೇಕಿತ್ತು. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜಿನ ಲೈನ್ ಕಾರ್ಡಿಗೆ ಬಂದ ಪಿಟಿಸಿ ಆ ಕೆಲಸವನ್ನೇ ಇಲ್ಲವಾಗಿಸಿತು.

ಪಾಲಿಫ್ಯೂಸನ್ನು ಮನೆಮನೆಗೆ ತಲುಪಿಸಿದ್ದು ಯುಎಸ್‌ಬಿ. 1996ರಲ್ಲಿ ಬಂದ ಈ ಮಾನಕ ಒಂದು ಪೋರ್ಟಿಗೆ 500 ಮಿಲಿಆಂಪಿಯರ್ ಗೊತ್ತುಮಾಡಿತು. ಹೊರಗಿನವರು ಏನನ್ನು ಬೇಕಾದರೂ ಸಿಕ್ಕಿಸಬಹುದಾದ ತೆರೆದ ಬಾಯಿ ಅದಾದ್ದರಿಂದ, ಕಂಪ್ಯೂಟರಿನಲ್ಲಿ ಅತಿಪ್ರವಾಹ ರಕ್ಷಣೆ ಇರಲೇಬೇಕೆಂದು ವಿಧಿಸಿತು. ಮಿತಿ ಎಂದೂ 5 ಆಂಪಿಯರ್ ಮೀರಬಾರದು. ರಕ್ಷಣೆಯ ಮಾದರಿಗಳಾಗಿ ಅದರಲ್ಲಿ ಪಾಲಿಮರ್ ಪಿಟಿಸಿಯ ಹೆಸರೂ ಇತ್ತು, ಅರೆವಾಹಕ ಸ್ವಿಚ್ಚಿನದೂ ಇತ್ತು. ಅಗ್ಗದ್ದನ್ನು ಆರಿಸಿಕೊಂಡವರು ಬಹಳ. 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಹುಟ್ಟಿದ ಆರ್ಡುಯಿನೊ ಬಳಗದ ಊನೊ ಬೋರ್ಡಿನಲ್ಲಿ ಯುಎಸ್‌ಬಿ ತಂತಿಯ ಮೇಲೆ 500 ಮಿಲಿಆಂಪಿಯರಿನ ಪಾಲಿಫ್ಯೂಸ್ ಕೂತಿದೆ. ವಿದ್ಯಾರ್ಥಿಯ ತಂತಿ ತಪ್ಪಿ ತಾಗಿದರೂ ಕಾಲೇಜಿನ ಕಂಪ್ಯೂಟರು ಉಳಿಯುತ್ತದೆ.

ಈ ಅಗ್ಗದ ರಕ್ಷಣೆಯ ಮಿತಿ ಬಯಲಾದದ್ದು ರಾಸ್ಪ್‌ಬೆರಿ ಪೈ ಬೋರ್ಡಿನಲ್ಲಿ. 2012ರ ಫೆಬ್ರವರಿ 29ರಂದು 35 ಡಾಲರಿಗೆ ಬಂದ ಈ ಪುಟ್ಟ ಕಂಪ್ಯೂಟರಿನ ಪ್ರತಿ ಯುಎಸ್‌ಬಿ ಪೋರ್ಟಿಗೂ 140 ಮಿಲಿಆಂಪಿಯರಿನ ಪಾಲಿಫ್ಯೂಸ್ ಇತ್ತು. ಪಾಲಿಫ್ಯೂಸ್ ತಣ್ಣಗಿರುವಾಗಲೂ ಅದಕ್ಕೆ ರೋಧವಿದೆ. ಅಂಕಿ ಸಣ್ಣದಾದಷ್ಟೂ ರೋಧ ಹೆಚ್ಚು, ಈ ಗಾತ್ರದವಕ್ಕೆ ಕೆಲವು ಓಮ್. ಪ್ರತಿ ಓಮ್ ಕೂಡ 100 ಮಿಲಿಆಂಪಿಯರಿಗೆ 0.1 ವೋಲ್ಟನ್ನು ನುಂಗುತ್ತದೆ. ಕೀಲಿಮಣೆಗಳು ತೊದಲಿದವು, ವೈಫೈ ಕಡ್ಡಿಗಳು ಕೆಲಸ ಮಾಡಲಿಲ್ಲ. ಬಳಕೆದಾರರು ಫ್ಯೂಸಿನ ಮೇಲೆ ತಂತಿ ಬೆಸೆದು ಅದನ್ನು ದಾಟಿಸಿದರು. ಕಿಟ್‌ಕ್ಯಾಟಿನಲ್ಲಿ ಮೂರೆಳೆ ಕಟ್ಟಿದವರು ಮಾಡಿದ್ದೂ ಇದನ್ನೇ. ಅದೇ ವರ್ಷ ತಯಾರಾದ ಮುಂದಿನ ಬೋರ್ಡುಗಳಲ್ಲಿ ಆ ಫ್ಯೂಸುಗಳು ಇರಲಿಲ್ಲ. 2014ರ ಬಿ ಪ್ಲಸ್ ಮಾದರಿಯಲ್ಲಿ ಯುಎಸ್‌ಬಿ ಪೋರ್ಟುಗಳಿಗೆಲ್ಲ ಸೇರಿ ಪ್ರವಾಹವನ್ನು ಅಳೆದು ಮಿತಿಗೊಳಿಸುವ ಚಿಪ್ಪು ಬಂತು: ಎಲ್ಲ ಪೋರ್ಟುಗಳಿಗೂ ಸೇರಿ 600 ಮಿಲಿಆಂಪಿಯರ್, ಬೇಕೆಂದರೆ ತಂತ್ರಾಂಶದಿಂದ 1.2 ಆಂಪಿಯರ್.

ಪಾಲಿಫ್ಯೂಸಿನ ಸ್ವಭಾವ ಈ ಪ್ರಸಂಗದಿಂದ ಎಲ್ಲರಿಗೂ ತಿಳಿದಂತಾಯಿತು. ಅದಕ್ಕೆ ಎರಡು ಅಂಕಿಗಳಿವೆ, ಹೊರುವ ಪ್ರವಾಹ ಮತ್ತು ಕಡಿಯುವ ಪ್ರವಾಹ. ಎರಡನೆಯದು ಮೊದಲನೆಯದರ ಸುಮಾರು ಇಮ್ಮಡಿ. ನಡುವಿನ ಪ್ರವಾಹದಲ್ಲಿ ಅದು ಏನು ಮಾಡುತ್ತದೆಂದು ಯಾರೂ ಖಾತರಿ ಕೊಡುವುದಿಲ್ಲ. ಹೊರುವ ಅಂಕಿ 20 ಡಿಗ್ರಿ ಆಸುಪಾಸಿನದು. ಕಾರಿನ ಡ್ಯಾಶ್‌ಬೋರ್ಡಿನ ಹಿಂದೆ ಅಥವಾ ಬೇಸಿಗೆಯ ರಾಯಚೂರಿನ ತಗಡಿನ ಪೆಟ್ಟಿಗೆಯಲ್ಲಿ 60 ಡಿಗ್ರಿಯಾದರೆ ಅದು ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ. ಒಮ್ಮೆ ಕಡಿದು ಕೂಡಿದ ಮೇಲೆ ರೋಧ ಮೊದಲಿನಷ್ಟಕ್ಕೆ ಮರಳುವುದಿಲ್ಲ. ಕಡಿದ ಸ್ಥಿತಿಯಲ್ಲೂ ಸಣ್ಣ ಪ್ರವಾಹ ಹರಿಯುತ್ತಲೇ ಇರುತ್ತದೆ, ಆ ಪ್ರವಾಹವೇ ಅದನ್ನು ಬಿಸಿಯಾಗಿ ಇಟ್ಟಿರುತ್ತದೆ. ಆದ್ದರಿಂದ ಅಗ್ಗದ ಬೋರ್ಡಿನ ವಿನ್ಯಾಸ ಬಿಡಿಭಾಗದ ಆಯ್ಕೆಯಿಂದ ಮೊದಲಾಗುವುದಿಲ್ಲ. ಮೂಲ ಅತಿ ಹೆಚ್ಚೆಂದರೆ ಎಷ್ಟು ಕೊಡಬಲ್ಲದು, ಗೆರೆ ಮತ್ತು ಕನೆಕ್ಟರು ಎಷ್ಟು ತಾಳಬಲ್ಲವು, ಮಾಮೂಲಿ ಕೆಲಸಕ್ಕೆ ಎಷ್ಟು ಬೇಕು, ಎಷ್ಟು ವೋಲ್ಟ್ ಕಳೆದುಕೊಳ್ಳಬಹುದು ಎಂಬ ನಾಲ್ಕು ಅಂಕಿಗಳನ್ನು ಬರೆದುಕೊಂಡ ಮೇಲೆ, ಯಾವ ಫ್ಯೂಸ್ ಎಂಬುದು ಹೆಚ್ಚುಕಡಿಮೆ ತಾನಾಗಿ ತೀರ್ಮಾನವಾಗುತ್ತದೆ.

ಮನೆಯ ಕರೆಂಟಿಗೆ ನೇರವಾಗಿ ಕೂಡುವ ಪುಟ್ಟ ಬೋರ್ಡುಗಳಲ್ಲಿ ಗೆದ್ದಿರುವುದು ಮತ್ತೊಂದು ಹಳೆಯ ಉಪಾಯ: ಫ್ಯೂಸಿಬಲ್ ರೆಸಿಸ್ಟರ್. ಹಳೆಯ ಟಿವಿಗಳಲ್ಲಿ ಬೆಸುಗೆಯಿಂದ ಹಿಡಿದಿಟ್ಟ ಸ್ಪ್ರಿಂಗ್ ಇರುವ ದಪ್ಪ ರೋಧಗಳಿದ್ದವು. ಅತಿಯಾಗಿ ಬಿಸಿಯಾದರೆ ಬೆಸುಗೆ ಕರಗಿ ಸ್ಪ್ರಿಂಗ್ ಎಗರಿ ಮಂಡಲ ಕಡಿಯುತ್ತಿತ್ತು. ಈಗಿನದು ಕೆಲವು ಮಿಲಿಮೀಟರ್ ಉದ್ದದ, ಬೆಂಕಿ ಹಿಡಿಯದ ಲೇಪನದ ಒಂದು ರೋಧ. ಸ್ವಿಚ್ ಒತ್ತಿದ ಕ್ಷಣ ನುಗ್ಗುವ ಪ್ರವಾಹಕ್ಕೆ ಅದು ಕಡಿವಾಣ. ಮುಂದಿನ ಭಾಗಗಳು ಶಾರ್ಟ್ ಆದರೆ ಜ್ವಾಲೆಯಿಲ್ಲದೆ ಕಡಿಯುವ ಫ್ಯೂಸು. ಒಂದೇ ಬಿಡಿಭಾಗದ ಬೆಲೆಗೆ ಎರಡು ಕೆಲಸ. ಹಲವು ಅಗ್ಗದ ಎಲ್‌ಇಡಿ ಬಲ್ಬುಗಳ ಬುಡದೊಳಗಿನ ಬೋರ್ಡಿನಲ್ಲಿ ಕರೆಂಟು ಮೊದಲು ಹಾಯುವುದು ಇದರ ಮೂಲಕವೇ. ಅಂಥ ಬಲ್ಬು ಒಳಗೆ ಶಾರ್ಟ್ ಆದಾಗ ಆ ರೋಧ ಕಡಿಯುತ್ತದೆ, ಗೋಡೆಯ ಮೇಲಿನ ಕಿಟ್‌ಕ್ಯಾಟಿಗೆ ಏನೂ ಆಗುವುದಿಲ್ಲ, ಉಳಿದ ದೀಪಗಳು ಉರಿಯುತ್ತಲೇ ಇರುತ್ತವೆ. ‘ಬಲ್ಬ್ ಫ್ಯೂಸ್ ಹೋಗಿದೆ’ ಎಂಬ ಮಾತು ಅಕ್ಷರಶಃ ನಿಜವಾಗುವುದು ಅಂಥ ಬಲ್ಬಿನಲ್ಲಿ.